ಹಿಟ್ಟಿನ ಮಿಲ್ಲಿನ ಸ್ಟಾಕಿಗೆ ಬೆಲೆ ಕಟ್ಟುವುದು ಹೇಗೆ: ಗೋಧಿಯಿಂದ ಬೂಸಾದವರೆಗೆ

ರೋಲರ್ ಫ್ಲೋರ್ ಮಿಲ್ಲಿಗೆ ಹೋಗುವ ಕಚ್ಚಾಮಾಲು ಗೋಧಿ ಒಂದೇ. ಹೊರಗೆ ಬರುವುದು ಮೈದಾ, ಚಿರೋಟಿ ರವೆ, ಗೋಧಿ ಹಿಟ್ಟು, ಬೂಸಾ, ಎಲ್ಲವೂ ಒಂದೇ ಕಾಳಿನಿಂದ, ಒಂದೇ ಓಟದಲ್ಲಿ. ಹಾಗಾಗಿ ‘ಒಂದು ಕ್ವಿಂಟಲ್ ಮೈದಾ ನಮಗೆ ಎಷ್ಟಕ್ಕೆ ಬಿತ್ತು?’ ಎಂದರೆ ಮೂವರು ಅಕೌಂಟೆಂಟರು ಮೂರು ಉತ್ತರ ಕೊಟ್ಟಾರು, ಮೂರೂ ಸರಿಯಾಗಿರಬಹುದು. ಆದರೆ ಹೆಚ್ಚಿನ ಮಿಲ್ಲುಗಳ ಲೆಕ್ಕ ತಪ್ಪುವುದು ರೂಪಾಯಿ ಹಂಚುವಾಗ ಅಲ್ಲ, ಅದಕ್ಕೂ ಮೊದಲು, ತೂಕದಲ್ಲಿ. ಗೋಧಿಗೆ ನೀರು ಹಾಕುತ್ತೇವೆ, ಆ ನೀರಿನ ಒಂದು ಪಾಲು ಆವಿಯಾಗುತ್ತದೆ, ಉಳಿದದ್ದು ಹಿಟ್ಟಿನ ಜೊತೆ ಮಾರಾಟವಾಗುತ್ತದೆ. ತೇವಾಂಶ ಬರೆದಿಡದ ಮಿಲ್ಲಿನಲ್ಲಿ ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಇದ್ದರೂ ಕಾಸ್ಟಿಂಗ್ ಬರೀ ಊಹೆ.

ಕೆಳಗಿನ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಬಿಲ್ಲು, ನಿಮ್ಮ ಲ್ಯಾಬ್ ರಿಜಿಸ್ಟರ್ ನೋಡಿ ಅಂಕಿ ಬದಲಿಸಿಕೊಳ್ಳಿ. ಕ್ರಮ ಅದೇ.

ಗೋಧಿ ಮಿಲ್ಲಿಗೆ ಬಂದು ಬಿದ್ದ ಬೆಲೆ

ಕರ್ನಾಟಕದ ಮಿಲ್ಲುಗಳಿಗೆ ಬೇಕಾದ ಗೋಧಿಯ ಬಹುಪಾಲು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಿಂದ ಬರಬೇಕು. ಧಾರವಾಡ, ವಿಜಯಪುರದ ಕಡೆ ಬೆಳೆಯುವುದು ಸಾಲದು. ಆದ್ದರಿಂದ ಲಾರಿ ಬಾಡಿಗೆ ಇಲ್ಲಿ ಸಣ್ಣ ಬಾಬ್ತಲ್ಲ. ಒಂದು ಲಾರಿಯ ಲೆಕ್ಕ ಹೀಗೆ ಹಿಡಿಯಿರಿ:

250 ಕ್ವಿಂಟಲ್, ಕ್ವಿಂಟಲ್‌ಗೆ 2,600 ರೂ.: 6,50,000
ದಲ್ಲಾಳಿ ಮತ್ತು ಲೋಡಿಂಗ್, 10 ರೂ. ಲೆಕ್ಕದಲ್ಲಿ: 2,500
ಲಾರಿ ಬಾಡಿಗೆ, 230 ರೂ.: 57,500
ಇಲ್ಲಿ ಇಳಿಸಿದ ಹಮಾಲಿ, 8 ರೂ.: 2,000
ಒಟ್ಟು: 7,12,000
ಖಾಲಿ ಚೀಲ ಮಾರಿ ಬರುವುದು, 500 ಚೀಲಕ್ಕೆ 14 ರೂ.: ಕಳೆ 7,000
ನಿವ್ವಳ: 7,05,000

ಇದನ್ನು 250ರಿಂದ ಭಾಗಿಸಬೇಡಿ. ವೇಬ್ರಿಜ್‌ನಲ್ಲಿ ಬಾರ್ದಾನ (ಚೀಲದ ತೂಕ) ಕಳೆದು ನಿಮಗೆ ಸಿಕ್ಕಿದ್ದು 249 ಕ್ವಿಂಟಲ್ ಆಗಿದ್ದರೆ ಬೆಲೆ 7,05,000 ÷ 249, ಅಂದರೆ 2,831.33 ರೂ. ದಾರಿಯಲ್ಲಿ ಆಗುವ ಮಾಮೂಲಿ ಕೊರತೆ ಉಳಿದ ಗೋಧಿಯ ಮೇಲೇ ಬೀಳುತ್ತದೆ. ಒಪ್ಪಂದದ ಮಿತಿ ಮೀರಿದ ಕೊರತೆಯನ್ನು ಲಾರಿಯವರ ಬಾಡಿಗೆಯಲ್ಲಿ ಹಿಡಿದುಕೊಂಡರೆ ಆ ಮೊತ್ತ ಗೋಧಿಯ ಖರೀದಿಗೇ ಜಮೆ ಆಗಬೇಕು, ‘ಇತರೆ ಆದಾಯ’ಕ್ಕೆ ಅಲ್ಲ. ಬೇರೆ ರಾಜ್ಯದಲ್ಲಿ ಕಟ್ಟಿದ ಮಂಡಿ ಶುಲ್ಕವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಭಾರತ ಆಹಾರ ನಿಗಮದ ಇ-ಹರಾಜಿನಲ್ಲಿ ಕೊಂಡ ಗೋಧಿಯಾದರೆ ಬಿಡ್ ದರ ಅವರ ಡಿಪೋದಲ್ಲಿನ ದರ. ಅಲ್ಲಿಂದ ಮಿಲ್ಲಿನವರೆಗಿನ ಖರ್ಚು ನಿಮ್ಮದು.

ಬಾರ್ದಾನದ ತೂಕ ಬಿಡಬೇಡಿ. 50 ಕಿಲೋದ ಸೆಣಬಿನ ಚೀಲ ಸುಮಾರು 580 ಗ್ರಾಂ ತೂಗುತ್ತದೆ. 500 ಚೀಲಕ್ಕೆ 290 ಕಿಲೋ. ಅಷ್ಟೂ ಗೋಧಿಯ ದರಕ್ಕೆ ಸ್ಟಾಕಿಗೆ ಹೋದರೆ ವರ್ಷದ ಕೊನೆಗೆ ‘ಗೋಧಿ ಎಲ್ಲಿ ಹೋಯಿತು’ ಎಂದು ಹುಡುಕಬೇಕಾಗುತ್ತದೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ಬಂದೇ ಇರುವುದಿಲ್ಲ.

ಎಲ್ಲ ಗೋಧಿಯನ್ನೂ ಒಂದೇ ಖಾತೆಗೆ ಸುರಿಯುವುದೂ ತಪ್ಪು. ಮಿಲ್ ಕ್ವಾಲಿಟಿ, ಲೋಕವನ್, ಶರಬತಿ, ಬನ್ಸಿ ರವೆಗೆ ಬೇಕಾದ ಡ್ಯೂರಮ್, ಇವಕ್ಕೆ ಬೇರೆ ಬೇರೆ ಸ್ಟಾಕ್ ಐಟಂ ಇರಲಿ. ಡ್ಯೂರಮ್ ಓಡಿಸುವ ದಿನಗಳ ಇಳುವರಿ, ಖರ್ಚು ಎಲ್ಲವೂ ಪ್ರತ್ಯೇಕ.

ಇನ್ನು ಮೊದಲು ಬಂದದ್ದನ್ನು ಮೊದಲು ಖರ್ಚು ಹಾಕುವ ಫಿಫೋನೋ, ತೂಕದ ಸರಾಸರಿಯೋ? ಸ್ಟಾಕಿನ ಬೆಲೆಗೆ ಇರುವ ಲೆಕ್ಕದ ಮಾನದಂಡಗಳಾದ ಎಎಸ್ 2, ಇಂಡ್ ಎಎಸ್ 2, ಆದಾಯ ತೆರಿಗೆಯ ಐಸಿಡಿಎಸ್ 2 ಎಲ್ಲವೂ ಇವೆರಡನ್ನೂ ಒಪ್ಪುತ್ತವೆ. ಕೊನೆಗೆ ಬಂದದ್ದನ್ನು ಮೊದಲು ಖರ್ಚು ಹಾಕುವ ಲಿಫೋಗೆ ಅವಕಾಶವಿಲ್ಲ. ಗೋದಾಮಿನಲ್ಲಿ ಲಾಟ್‌ವಾರು ಚೀಲ ಅಟ್ಟಿ ಹಾಕುವ ಮಿಲ್ಲಿಗೆ ಫಿಫೋ ಹೊಂದುತ್ತದೆ. ಸೈಲೋದಲ್ಲಿ ಹಳೆಯದು ಹೊಸದು ಬೆರೆತೇ ಹೋಗುವುದರಿಂದ ಅಲ್ಲಿ ಸರಾಸರಿಯೇ ನಿಜಕ್ಕೆ ಹತ್ತಿರ. ಸೈಲೋದಲ್ಲಿ 2,760 ರೂಪಾಯಿಯ 3,000 ಕ್ವಿಂಟಲ್ ಇದ್ದು, ಅದರ ಮೇಲೆ 2,831ರ 2,000 ಕ್ವಿಂಟಲ್ ಬಂದರೆ: (82,80,000 + 56,62,000) ÷ 5,000 = 2,788.40 ರೂ. ಮುಂದಿನ ಲೆಕ್ಕಕ್ಕೆ ಇದನ್ನೇ ಹಿಡಿಯೋಣ. ಯಾವುದನ್ನು ಆರಿಸಿದರೂ ವರ್ಷದಿಂದ ವರ್ಷಕ್ಕೆ ಬದಲಿಸಬಾರದು.

ಮೇ ತಿಂಗಳಲ್ಲಿ ಕೊಂಡು ನವೆಂಬರ್‌ವರೆಗೆ ಇಟ್ಟ ಗೋಧಿಯ ಮೇಲಿನ ಬ್ಯಾಂಕ್ ಬಡ್ಡಿ, ಗೋದಾಮಿನ ಬಾಡಿಗೆ, ಕಾವಲು, ಹುಳ ಬೀಳದಂತೆ ಹಾಕುವ ಔಷಧ, ಇವನ್ನು ಗೋಧಿಯ ಪುಸ್ತಕ ಬೆಲೆಗೆ ಸೇರಿಸುವಂತಿಲ್ಲ. ಇವು ಆಯಾ ತಿಂಗಳ ಖರ್ಚು. ಮಾರಾಟದ ದರ ಕಟ್ಟುವಾಗ ಮಾತ್ರ ಇವನ್ನು ಮರೆತರೆ ಕೈ ಸುಡುತ್ತದೆ. ಶೇ. 10ರ ಬಡ್ಡಿಯಲ್ಲಿ ಆರು ತಿಂಗಳಿಗೆ 2,831 ರೂಪಾಯಿಯ ಮೇಲೆ ಸುಮಾರು 142 ರೂ. ಆಗುತ್ತದೆ. ಮೈದಾದಲ್ಲಿ ಸಿಗುವ ಲಾಭವೇ ಅಷ್ಟಿರುವುದಿಲ್ಲ ಎಷ್ಟೋ ಸಲ. ಆದ್ದರಿಂದ ಬ್ಯಾಲೆನ್ಸ್ ಶೀಟಿಗೆ ಒಂದು ಬೆಲೆ, ಕೊಳ್ಳುವ–ಕಾಯುವ ತೀರ್ಮಾನಕ್ಕೆ ಇನ್ನೊಂದು ಬೆಲೆ, ಎರಡೂ ಬೇರೆ ಹಾಳೆಯಲ್ಲಿರಲಿ.

ಮೊದಲು ತೂಕ, ಆಮೇಲೆ ರೂಪಾಯಿ

1,000 ಕ್ವಿಂಟಲ್ ಗೋಧಿಯನ್ನು ಹಿಂಬಾಲಿಸೋಣ. ತೇವಾಂಶ ಶೇ. 10. ಬೆಲೆ 27,88,400 ರೂ.

ಕ್ಲೀನಿಂಗ್‌ನಲ್ಲಿ ಸಪರೇಟರ್, ಡಿ-ಸ್ಟೋನರ್, ಸ್ಕವರರ್ ದಾಟುವಷ್ಟರಲ್ಲಿ ಶೇ. 2 ಹೋಯಿತು ಎನ್ನಿ, 20 ಕ್ವಿಂಟಲ್. ಅದರಲ್ಲಿ 12 ಕ್ವಿಂಟಲ್ ಚೂರುಗೋಧಿ, ಸಣ್ಣ ಕಾಳು ಪಶು ಆಹಾರದವರಿಗೆ 1,200ಕ್ಕೆ ಹೋಗುತ್ತದೆ: 14,400 ರೂ. ಉಳಿದ 8 ಕ್ವಿಂಟಲ್ ಕಲ್ಲು, ಮಣ್ಣು, ಧೂಳು, ಬೆಲೆ ಸೊನ್ನೆ. ಹೀಗಾಗಿ 980 ಕ್ವಿಂಟಲ್ ಶುದ್ಧ ಗೋಧಿಯ ಬೆಲೆ 27,74,000 ರೂ., ಕ್ವಿಂಟಲ್‌ಗೆ 2,830.61.

ಇಲ್ಲೇ ಒಂದು ಅಂಕಿ ಬರೆದಿಡಿ: ಒಣ ಪದಾರ್ಥ. 980ರಲ್ಲಿ ಶೇ. 90, ಅಂದರೆ 882 ಕ್ವಿಂಟಲ್. ಮುಂದೆ ನೀರು ಎಷ್ಟು ಸೇರಲಿ, ಎಷ್ಟು ಹಾರಲಿ, ಈ 882 ಮಾತ್ರ ಕದಲುವಂತಿಲ್ಲ. ಕದಲಿತೆಂದರೆ ಧೂಳಾಗಿ ಹೋಗಿದೆ, ಇಲ್ಲವೇ ತೂಕ ತಪ್ಪಿದೆ, ಇಲ್ಲವೇ ಮಾಲೇ ಹೊರಗೆ ಹೋಗಿದೆ.

ಟೆಂಪರಿಂಗ್‌ಗೆ, ಅಂದರೆ ಅರೆಯುವ ಮೊದಲು ಗೋಧಿ ನೆನೆಸಿಡಲು, ಬೇಕಾದ ನೀರಿನ ಲೆಕ್ಕ ತಪ್ಪುವವರು ಬಹಳ. ಶೇ. 10ರಿಂದ 16ಕ್ಕೆ ಏರಿಸಬೇಕಾದರೆ 980ರ ಶೇ. 6 ನೀರು ಸಾಲದು, ಏಕೆಂದರೆ ಹಾಕಿದ ನೀರೂ ತೂಕಕ್ಕೆ ಸೇರುತ್ತದೆ. ಸೂತ್ರ ಇದು: ಗೋಧಿಯ ತೂಕ × (ಬೇಕಾದ ತೇವಾಂಶ − ಇರುವ ತೇವಾಂಶ) ÷ (100 − ಬೇಕಾದ ತೇವಾಂಶ). 980 × 6 ÷ 84 = 70 ಕ್ವಿಂಟಲ್ ನೀರು. ಕಾಳು ಒಡೆಯುವ ಮೊದಲ ಬ್ರೇಕ್ ರೋಲಿಗೆ ಹೋಗುವುದು 1,050 ಕ್ವಿಂಟಲ್.

ಓಟ ಮುಗಿದ ಮೇಲೆ ಪ್ಯಾಕಿಂಗ್ ತಕ್ಕಡಿಯ ಲೆಕ್ಕ ಹೀಗಿದೆ ಎನ್ನಿ:

ಮೈದಾ 560 ಕ್ವಿಂಟಲ್, ತೇವಾಂಶ ಶೇ. 14, ಒಣ ಪದಾರ್ಥ 481.6
ಚಿರೋಟಿ ರವೆ 130 ಕ್ವಿಂಟಲ್, ಶೇ. 14, ಒಣ ಪದಾರ್ಥ 111.8
ಗೋಧಿ ಹಿಟ್ಟು 90 ಕ್ವಿಂಟಲ್, ಶೇ. 13, ಒಣ ಪದಾರ್ಥ 78.3
ಬೂಸಾ 240 ಕ್ವಿಂಟಲ್, ಶೇ. 13, ಒಣ ಪದಾರ್ಥ 208.8

ಒಟ್ಟು ಮಾಲು 1,020 ಕ್ವಿಂಟಲ್. ಒಣ ಪದಾರ್ಥ 880.5. ಒಳಗೆ ಹೋದ 882ರಲ್ಲಿ ಕಾಣದಾದದ್ದು ಒಂದೂವರೆ ಕ್ವಿಂಟಲ್. ಇದು ಫಿಲ್ಟರ್ ದಾಟಿದ ಧೂಳು, ನೆಲದ ಕಸ. 1,050ಕ್ಕೂ 1,020ಕ್ಕೂ ನಡುವಿನ ಉಳಿದ 28.5 ಕ್ವಿಂಟಲ್ ರೋಲಿನ ಬಿಸಿಗೆ, ನ್ಯೂಮ್ಯಾಟಿಕ್ ಗಾಳಿಗೆ ಹಾರಿದ ನೀರು.

ಕೊಂಡದ್ದು 1,000, ಬಂದದ್ದು 1,020. ‘ನಮ್ಮ ಮಿಲ್ಲು ಶೇ. 102 ಇಳುವರಿ ಕೊಡುತ್ತದೆ’ ಎಂದು ಹಿಗ್ಗುವ ಮುನ್ನ ಸ್ವಲ್ಪ ತಡೆಯಿರಿ. ಒಣ ಗೋಧಿ ಕೊಂಡ ತಿಂಗಳಲ್ಲಿ ಈ ಅಂಕಿ ಏರುತ್ತದೆ, ಮಳೆಗಾಲದಲ್ಲಿ ಶೇ. 12ರ ಗೋಧಿ ಬಂದಾಗ ಇಳಿಯುತ್ತದೆ, ಮಿಲ್ಲರ್ ಏನೂ ತಪ್ಪು ಮಾಡದಿದ್ದರೂ. ಮಿಲ್ಲರ್‌ನ ಕೆಲಸ ಅಳೆಯಬೇಕಾದ್ದು ಒಣ ಪದಾರ್ಥದ ಲೆಕ್ಕದಲ್ಲಿ.

ಎಕ್ಸ್‌ಟ್ರಾಕ್ಷನ್ (ಬೂಸಾ ಬಿಟ್ಟು ಸಿಗುವ ಮಾಲಿನ ಶೇಕಡಾ ಪಾಲು) ಎಂಬ ಮಾತಿನಲ್ಲೂ ಇದೇ ಗೊಂದಲ. ಬೂಸಾ ಬಿಟ್ಟು ಉಳಿದ 780 ಕ್ವಿಂಟಲ್ ಕೊಂಡ ಗೋಧಿಯ ಶೇ. 78, ಶುದ್ಧ ಗೋಧಿಯ ಶೇ. 79.6, ಬ್ರೇಕ್ ರೋಲಿಗೆ ಹೋದದ್ದರ ಶೇ. 74.3, ಒಟ್ಟು ಮಾಲಿನ ಶೇ. 76.5. ಯಾವುದರ ಮೇಲೆ ಎಂದು ಹೇಳದೆ ಅಂಕಿ ಕೊಟ್ಟರೆ ಅದಕ್ಕೆ ಅರ್ಥವಿಲ್ಲ. ಒಂದನ್ನು ಹಿಡಿದು ಅದನ್ನೇ ಎಲ್ಲ ರಿಪೋರ್ಟಿನಲ್ಲೂ ಬಳಸಿ. ಒಟ್ಟು ಮಾಲಿನ ಮೇಲಿನ ಲೆಕ್ಕವೇ ವಾಸಿ. ತಕ್ಕಡಿಯಲ್ಲಿ ನಿಜವಾಗಿ ತೂಗಿದ ಅಂಕಿಗಳೇ ಆ ಭಾಗಾಕಾರದ ಮೇಲೂ ಕೆಳಗೂ ಇರುತ್ತವೆ.

ತೇವಾಂಶದ ಬೆಲೆಯನ್ನು ರೂಪಾಯಿಯಲ್ಲೇ ನೋಡಿ. ಮೈದಾ ಶೇ. 14ರ ಬದಲು 13.5ಕ್ಕೆ ಒಣಗಿ ಬಂದರೆ ಅದೇ 481.6 ಒಣ ಪದಾರ್ಥದಿಂದ ಸಿಗುವುದು 556.8 ಕ್ವಿಂಟಲ್ ಅಷ್ಟೆ. ಕ್ವಿಂಟಲ್‌ಗೆ ನಿವ್ವಳ 3,200 ರೂ. ಸಿಗುವ ಮಾಲಿನಲ್ಲಿ ನೂರು ಟನ್ ಗೋಧಿಗೆ ಹತ್ತು ಸಾವಿರ ರೂಪಾಯಿ ಗಾಳಿಗೆ ಹೋಯಿತು. ಹಾಗೆಂದು ಮೇಲಕ್ಕೆ ಎಳೆಯಲೂ ಆಗದು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿ ಮೈದಾಕ್ಕೆ ಶೇ. 14, ರವೆಗೆ 14.5. ಲ್ಯಾಬಿನ ಮೀಟರನ್ನು ಆಗಾಗ ಓವನ್ ಪರೀಕ್ಷೆಗೆ ಹೋಲಿಸಿ ಸರಿಮಾಡದಿದ್ದರೆ ಎರಡು ಕಡೆಯಿಂದಲೂ ಪೆಟ್ಟು.

ಓಡಿಸಿದ ಖರ್ಚು

ಈ 1,000 ಕ್ವಿಂಟಲ್‌ಗೆ ಕರೆಂಟು 56,000, ಕೂಲಿ 24,000, ರೋಲ್ ಫ್ಲೂಟಿಂಗ್, ಜರಡಿ ಬಟ್ಟೆ, ಬೆಲ್ಟು, ಬೇರಿಂಗ್ 10,000, ಫ್ಯಾಕ್ಟರಿಯ ಸ್ಥಿರ ಖರ್ಚು 30,000. ಒಟ್ಟು 1,20,000 ರೂ.

ರೋಲ್ ಫ್ಲೂಟಿಂಗ್, ಅಂದರೆ ಸವೆದ ರೋಲಿನ ಹಲ್ಲು ಮತ್ತೆ ಕೊರೆಸುವುದು, ತಿಂಗಳಿಗೊಮ್ಮೆ ಬರುವ ಖರ್ಚಲ್ಲ. ಬಿಲ್ ಬಂದ ತಿಂಗಳಿಗೆ ಅಷ್ಟನ್ನೂ ಹಾಕಿದರೆ ಆ ತಿಂಗಳ ಮೈದಾ ಸುಮ್ಮನೆ ದುಬಾರಿ ಕಾಣುತ್ತದೆ. ಅರೆದ ಟನ್ನಿನ ಮೇಲೆ ಒಂದು ದರ ಹಿಡಿದು ಹಂಚಿ. ಹೈ ಟೆನ್ಷನ್ ಕರೆಂಟ್ ಬಿಲ್ಲನ್ನೂ ಎರಡು ಮಾಡಿ: ಯೂನಿಟ್ ಲೆಕ್ಕದ ಭಾಗ ಅರೆದಷ್ಟಕ್ಕೆ ಬರುತ್ತದೆ, ಕೆವಿಎ ಮೇಲಿನ ಡಿಮಾಂಡ್ ಚಾರ್ಜು ಮಿಲ್ಲು ನಿಂತರೂ ಬರುತ್ತದೆ, ಅದು ಸ್ಥಿರ ಖರ್ಚು.

ಸ್ಥಿರ ಖರ್ಚನ್ನು ಮಾಮೂಲಿ ಸಾಮರ್ಥ್ಯದ ಮೇಲೆ ಹಂಚಬೇಕು. ತಿಂಗಳ ಸ್ಥಿರ ಖರ್ಚು 7,50,000, ಮಾಮೂಲಿ ಅರೆತ 25,000 ಕ್ವಿಂಟಲ್ ಆದರೆ ಕ್ವಿಂಟಲ್‌ಗೆ 30 ರೂ. ಗೋಧಿ ಸಿಗದೆ ಒಂದು ತಿಂಗಳು 15,000 ಮಾತ್ರ ಅರೆದರೆ ಸ್ಟಾಕಿಗೆ ಹೋಗುವುದು 4,50,000. ಉಳಿದ 3 ಲಕ್ಷ ಆ ತಿಂಗಳ ನಷ್ಟ. ಅದನ್ನೂ ಮೈದಾದ ಮೇಲೆ ಹೇರಿದರೆ ಮಿಲ್ಲು ನಿಂತ ತಿಂಗಳಲ್ಲಿ ಸ್ಟಾಕಿನ ಬೆಲೆ ಏರುವ ವಿಚಿತ್ರ ಆಗುತ್ತದೆ. ಆಫೀಸಿನ ಸಂಬಳ, ಮಾರಾಟದ ಕಮಿಷನ್, ಡೀಲರ್‌ಗೆ ಕಳಿಸುವ ಬಾಡಿಗೆ ಇವೂ ಸ್ಟಾಕಿಗೆ ಸೇರುವುದಿಲ್ಲ. ಟೆಂಪರಿಂಗ್ ಬಿನ್ನಿನಲ್ಲಿ 12ರಿಂದ 24 ಗಂಟೆ ಗೋಧಿ ಕೂರುವುದು ಮಾತ್ರ ಉತ್ಪಾದನೆಯ ಭಾಗವೇ. ಅದರ ಖರ್ಚು ಸೇರುತ್ತದೆ.

ಒಂದೇ ಖರ್ಚನ್ನು ನಾಲ್ಕು ಮಾಲಿಗೆ ಹಂಚುವುದು

ಈಗ ಕೈಯಲ್ಲಿರುವುದು 27,74,000 + 1,20,000 = 28,94,000 ರೂ. ಮಾಲು 1,020 ಕ್ವಿಂಟಲ್.

ತೂಕಕ್ಕೆ ತಕ್ಕಂತೆ ಹಂಚಿದರೆ ಎಲ್ಲಕ್ಕೂ 2,837 ರೂ. ಬೂಸಾಕ್ಕೆ ಚೀಲ, ಲೋಡಿಂಗ್ ಕಳೆದು ಸಿಗುವುದು 2,250. ಅಂದರೆ ಪ್ರತಿ ಕ್ವಿಂಟಲ್ ಬೂಸಾದಲ್ಲೂ 587 ರೂ. ನಷ್ಟ ಎಂದು ಪುಸ್ತಕ ಹೇಳುತ್ತದೆ. ಬೂಸಾ ಬಿಟ್ಟು ಮೈದಾ ಮಾತ್ರ ಮಾಡಲು ಯಾವ ಮಿಲ್ಲಿಗೂ ಸಾಧ್ಯವಿಲ್ಲದ ಮೇಲೆ ಈ ಉತ್ತರದಿಂದ ಪ್ರಯೋಜನವಿಲ್ಲ. ಸುಲಭ ಎಂಬ ಒಂದೇ ಕಾರಣಕ್ಕೆ ಇದು ಇನ್ನೂ ಎಷ್ಟೋ ಕಡೆ ಉಳಿದಿದೆ.

ಎರಡನೆಯದು, ಬೂಸಾವನ್ನು ಉಪೋತ್ಪನ್ನ ಎಂದು ಹಿಡಿಯುವುದು. ಅದರ ನಿವ್ವಳ ಮಾರಾಟ ಮೌಲ್ಯ 240 × 2,250 = 5,40,000 ರೂ.ಯನ್ನು ಒಟ್ಟು ಖರ್ಚಿನಲ್ಲಿ ಕಳೆಯಿರಿ. ಉಳಿದ 23,54,000 ಅನ್ನು ಮೈದಾ, ರವೆ, ಹಿಟ್ಟಿಗೆ ಅವುಗಳ ಮಾರಾಟ ಮೌಲ್ಯದ ಪ್ರಮಾಣದಲ್ಲಿ ಹಂಚಿ. ಚೀಲ ಮತ್ತು ಮಾರಾಟದ ಖರ್ಚು ಕಳೆದ ಮೌಲ್ಯಗಳು:

ಮೈದಾ 560 × 3,200 = 17,92,000
ರವೆ 130 × 3,450 = 4,48,500
ಗೋಧಿ ಹಿಟ್ಟು 90 × 3,150 = 2,83,500
ಒಟ್ಟು 25,24,000

23,54,000 ÷ 25,24,000 = 0.93265. ಪ್ರತಿ ನಿವ್ವಳ ದರವನ್ನೂ ಇದರಿಂದ ಗುಣಿಸಿ: ಮೈದಾ 2,984, ರವೆ 3,218, ಗೋಧಿ ಹಿಟ್ಟು 2,938 ರೂ.

ಮೂರನೆಯದು, ಬೂಸಾವನ್ನೂ ಮೈದಾ, ರವೆಯ ಸಾಲಿನ ಜೊತೆ ಉತ್ಪನ್ನ ಎಂದೇ ಲೆಕ್ಕಕ್ಕೆ ತರುವುದು. ಆಗ ಒಟ್ಟು ಮೌಲ್ಯ 30,64,000, ಪ್ರಮಾಣ 0.94452. ಮೈದಾ 3,022, ರವೆ 3,259, ಹಿಟ್ಟು 2,975, ಬೂಸಾ 2,125 ರೂ.

ಎರಡನೆಯದಕ್ಕೂ ಮೂರನೆಯದಕ್ಕೂ ಮೈದಾದಲ್ಲಿ 38 ರೂಪಾಯಿ ವ್ಯತ್ಯಾಸ. ಯಾವುದು ಸರಿ? ಲೆಕ್ಕದ ಮಾನದಂಡ ಬೂಸಾದ ಹೆಸರು ಹೇಳುವುದಿಲ್ಲ. ಉಪೋತ್ಪನ್ನಗಳು ಸಾಮಾನ್ಯವಾಗಿ ಗಣನೆಗೆ ಬಾರದಷ್ಟು ಸಣ್ಣವು, ಹಾಗಿದ್ದಾಗ ಅವುಗಳ ನಿವ್ವಳ ಮೌಲ್ಯವನ್ನು ಮುಖ್ಯ ಮಾಲಿನ ಖರ್ಚಿನಲ್ಲಿ ಕಳೆಯುತ್ತಾರೆ ಎನ್ನುತ್ತದೆ. ಆದರೆ ಮೇಲಿನ ಉದಾಹರಣೆಯಲ್ಲಿ ಬೂಸಾದ ಪಾಲು ಒಟ್ಟು ಮೌಲ್ಯದಲ್ಲಿ ಶೇ. 17.6. ಇದನ್ನು ಸಣ್ಣದೆನ್ನುವುದು ಕಷ್ಟ. ಎರಡನೆಯ ದಾರಿಯಲ್ಲಿ ಇನ್ನೊಂದು ತೊಂದರೆಯೂ ಇದೆ: ಗೋದಾಮಿನಲ್ಲಿ ಉಳಿದ ಬೂಸಾ ಮಾರುವ ದರದಲ್ಲೇ ಸ್ಟಾಕಿಗೆ ಕೂತಿರುತ್ತದೆ, ಅಂದರೆ ಮಾರುವ ಮೊದಲೇ ಅದರ ಲಾಭ ಪುಸ್ತಕಕ್ಕೆ ಬಂದಿರುತ್ತದೆ. ಬೂಸಾ ದಿನದಿನಕ್ಕೆ ಖಾಲಿಯಾಗುವ ಮಿಲ್ಲಿಗೆ ಇದು ದೊಡ್ಡ ವಿಷಯವಲ್ಲ. ವಾರಗಟ್ಟಲೆ ಅಟ್ಟಿ ನಿಲ್ಲುವ ಕಡೆ ಮೂರನೆಯ ದಾರಿಯೇ ಸರಿ. ರೀಫ್ರ್ಯಾಕ್ಷನ್ (ಕ್ಲೀನಿಂಗ್‌ನಲ್ಲಿ ಬೇರ್ಪಟ್ಟ ಚೂರುಗೋಧಿ, ಸಣ್ಣ ಕಾಳು), ಗೋಧಿ ಕಸ ಇವನ್ನು ಎರಡರಲ್ಲೂ ಉಪೋತ್ಪನ್ನವಾಗಿಯೇ ಬಿಡಿ.

ಉಪೋತ್ಪನ್ನದ ದಾರಿ ಹಿಡಿದವರು ಬೂಸಾದ ದರದ ಮೇಲೆ ಕಣ್ಣಿಟ್ಟಿರಬೇಕು. ಮಳೆ ಬಿದ್ದು ಹಸಿರು ಮೇವು ಸಿಕ್ಕಾಗ ಬೂಸಾದ ಬೇಡಿಕೆ ಇಳಿಯುತ್ತದೆ. ಕ್ವಿಂಟಲ್‌ಗೆ 200 ರೂ. ಬಿದ್ದರೆ 48,000 ರೂ. ಕಡಿಮೆ ಕಳೆಯುತ್ತೀರಿ, ಉಳಿದ 780 ಕ್ವಿಂಟಲ್ ಮೇಲೆ ತಲಾ 61.50 ರೂ. ಏರುತ್ತದೆ. ಮೈದಾದ ಲಾಭ ಏಕೆ ಇಳಿಯಿತು ಎಂದು ಕೇಳಿದರೆ ಉತ್ತರ ಬೂಸಾದ ಗೋದಾಮಿನಲ್ಲಿರುತ್ತದೆ.

ಹಂಚಿಕೆಗೆ ದಿನದ ದರ ಬೇಡ, ತಿಂಗಳ ಸರಾಸರಿ ಮಾರಾಟ ದರ ಹಿಡಿಯಿರಿ. ಟ್ಯಾಲಿ ಸಾಫ್ಟ್‌ವೇರ್‌ನ ಮ್ಯಾನುಫ್ಯಾಕ್ಚರಿಂಗ್ ಜರ್ನಲ್‌ನಲ್ಲಿ ಜೊತೆ ಉತ್ಪನ್ನಕ್ಕೆ ಶೇಕಡಾವಾರು ಕೊಡುವ ಅವಕಾಶವಿದೆ. ಒಮ್ಮೆ ಹಾಕಿ ಮರೆತರೆ ಎರಡು ವರ್ಷ ಹಳೆಯ ರವೆ ದರದ ಮೇಲೆ ಇಂದಿನ ಮೈದಾದ ಬೆಲೆ ನಿಂತಿರುತ್ತದೆ. ತಿಂಗಳಿಗೊಮ್ಮೆ ಬದಲಿಸಿ. ನೀರನ್ನೂ ಸೊನ್ನೆ ದರದ ಸ್ಟಾಕ್ ಐಟಂ ಮಾಡಿ ಜರ್ನಲ್‌ಗೆ ಸೇರಿಸಿ, ಹಾರಿದ ತೇವವನ್ನು ಸೊನ್ನೆ ದರದಲ್ಲೇ ಹೊರಗೆ ತೋರಿಸಿ. ಆಗ 1,000 ಕೊಟ್ಟು 1,020 ಪಡೆದದ್ದಕ್ಕೆ ಆಡಿಟರ್ ಮುಂದೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಚೀಲ ಮತ್ತು ಜಿಎಸ್‌ಟಿ

ಪ್ಯಾಕಿಂಗ್ ಖರ್ಚು ಹಂಚಿಕೆ ಮುಗಿದ ಮೇಲೆ ಆಯಾ ಮಾಲಿಗೆ, ಆಯಾ ಅಳತೆಗೆ ನೇರವಾಗಿ ಸೇರುತ್ತದೆ. ಒಂದು ಕಿಲೋ ಪೌಚಿನ ರವೆ ಮತ್ತು 50 ಕಿಲೋ ಚೀಲದ ರವೆ ಎರಡು ಬೇರೆ ಐಟಂ. ಪೌಚ್ ಒಂದಕ್ಕೆ 2.20 ರೂ. ಆದರೆ ಅದೊಂದೇ ಕ್ವಿಂಟಲ್‌ಗೆ 220 ರೂ.

50 ಕಿಲೋ ಚೀಲಕ್ಕೆ ‘ಕಡಿಮೆ ಆಗದಿರಲಿ’ ಎಂದು 100 ಗ್ರಾಂ ಹೆಚ್ಚು ತುಂಬುವ ಅಭ್ಯಾಸವಿದ್ದರೆ 560 ಕ್ವಿಂಟಲ್‌ಗೆ 112 ಕಿಲೋ, ಸುಮಾರು 3,300 ರೂ. ಹೋಗುತ್ತದೆ. ಆದರೆ ಪೂರಾ ಬಿಗಿಹಿಡಿದರೆ ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಗೋದಾಮಿನಲ್ಲೇ ಹಿಟ್ಟು ಒಣಗಿ ತೂಕ ಕಳೆದುಕೊಂಡು ತೂಕ–ಅಳತೆ ಇಲಾಖೆಯ ಕೈಗೆ ಸಿಗಬಹುದು. ಬೇಸಿಗೆಗೆ ಒಂದು ಹೆಚ್ಚುವರಿ, ಮಳೆಗಾಲಕ್ಕೆ ಇನ್ನೊಂದು ಎಂದು ನಿಗದಿ ಮಾಡಿ, ಅದನ್ನು ಖರ್ಚಿನ ಹಾಳೆಯಲ್ಲಿ ತೋರಿಸಿ.

2022ರ ಜುಲೈ 18ರಿಂದ 25 ಕಿಲೋವರೆಗಿನ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ ಹಿಟ್ಟು, ಮೈದಾ, ರವೆಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಇದು ಸ್ಟಾಕಿನ ಬೆಲೆಯನ್ನೂ ಮುಟ್ಟುತ್ತದೆ. ತೆರಿಗೆ ಇರುವ ಪ್ಯಾಕಿಗೆ ಬಳಸಿದ ಪೌಚಿನ ಮೇಲಿನ ಜಿಎಸ್‌ಟಿ ವಾಪಸ್ ಪಡೆಯಬಹುದು, ಅದು ಖರ್ಚಲ್ಲ. ತೆರಿಗೆ ಇಲ್ಲದ 50 ಕಿಲೋ ಮಾಲಿನ ಚೀಲದ ಮೇಲೆ ಕಟ್ಟಿದ್ದು ವಾಪಸ್ ಬರುವುದಿಲ್ಲ, ಅದು ಚೀಲದ ಬೆಲೆಗೇ ಸೇರುತ್ತದೆ. ರೋಲು, ಬೆಲ್ಟಿನಂತೆ ಎರಡಕ್ಕೂ ಬಳಸಿದ್ದಕ್ಕೆ ವಹಿವಾಟಿನ ಪ್ರಮಾಣದಲ್ಲಿ ಒಡೆಯಬೇಕು.

ತಿಂಗಳ ಕೊನೆಯ ಎಣಿಕೆ

ಚೀಲ ಎಣಿಸುವುದು ಸುಲಭ. ತಪ್ಪಾಗುವುದು ಸೈಲೋದಲ್ಲಿ ಮತ್ತು ಟೆಂಪರಿಂಗ್ ಬಿನ್ನಿನಲ್ಲಿ.

ಆರು ಮೀಟರ್ ವ್ಯಾಸದ ಸೈಲೋ. ನಡುವಿನಿಂದ ತುಂಬುವುದರಿಂದ ಗೋಧಿ ಮೇಲೆ ಗೋಪುರದಂತೆ ನಿಲ್ಲುತ್ತದೆ. ಇಳಿಜಾರು 27 ಡಿಗ್ರಿ ಎಂದರೆ ನಡುಭಾಗ ಗೋಡೆಯ ಅಂಚಿಗಿಂತ 1.53 ಮೀಟರ್ ಎತ್ತರ. ಟೇಪನ್ನು ನಡುವಿಗೇ ಇಳಿಬಿಟ್ಟು ಅದೇ ಎತ್ತರ ಎಂದು ಬರೆದುಕೊಂಡರೆ ನಿಜವಾದ ಸರಾಸರಿಗಿಂತ 1.02 ಮೀಟರ್ ಹೆಚ್ಚು ಹಿಡಿದಂತೆ. ಅಡ್ಡಕೊಯ್ತ 28.27 ಚದರ ಮೀಟರ್, ಘನ ಮೀಟರಿಗೆ 780 ಕಿಲೋ ಎಂದರೆ 22.5 ಟನ್ ಇಲ್ಲದ ಗೋಧಿ, ಆರು ಲಕ್ಷ ರೂಪಾಯಿಗೂ ಮೇಲೆ! ನಡುವಿನಲ್ಲಿ ಅಳೆದರೆ ಗೋಪುರದ ಎತ್ತರದ ಮೂರನೇ ಎರಡು ಭಾಗ ಕಳೆಯಿರಿ, ಗೋಡೆಯ ಪಕ್ಕ ಅಳೆದರೆ ಮೂರನೇ ಒಂದು ಭಾಗ ಕೂಡಿ. ಕೆಳಗಿನಿಂದ ಗೋಧಿ ಬಿಡುತ್ತಿರುವಾಗ ಗೋಪುರ ಗುಂಡಿಯಾಗಿರುತ್ತದೆ, ಲೆಕ್ಕ ತಿರುಗುಮುರುಗು. ಆದ್ದರಿಂದ ಓಟ ನಿಲ್ಲಿಸಿ ಅಳೆಯುವುದೇ ಕ್ಷೇಮ. ಹೆಕ್ಟೋಲೀಟರ್ ತೂಕವನ್ನು (ನೂರು ಲೀಟರ್ ಗೋಧಿಯ ತೂಕ) ಆ ಲಾಟಿನದೇ ತೆಗೆದುಕೊಳ್ಳಿ, ಪುಸ್ತಕದಿಂದಲ್ಲ. ತಳದ ಹಾಪರ್‌ನ ಲೆಕ್ಕ ಪ್ರತ್ಯೇಕ.

ಬಿನ್ನಿನಲ್ಲಿ 400 ಕ್ವಿಂಟಲ್ ನೆನೆದ ಗೋಧಿ ಇದೆ ಎನ್ನಿ. ಅದನ್ನು ಗೋಧಿಯ ದರ 2,788.40ರಿಂದ ಗುಣಿಸಿ 11,15,360 ಎಂದು ಬರೆದರೆ ನೀರನ್ನೂ ಗೋಧಿಯ ಬೆಲೆಗೆ ಸ್ಟಾಕಿಗೆ ತಂದಂತೆ. 1,050 ಕ್ವಿಂಟಲ್ ನೆನೆದ ಗೋಧಿಯ ಬೆಲೆ 27,74,000 ಆದ್ದರಿಂದ 400ರ ಬೆಲೆ 10,56,762. ವ್ಯತ್ಯಾಸ 58,600 ರೂ. ಇದರ ಮೇಲೆ ಕ್ಲೀನಿಂಗ್‌ವರೆಗಿನ ಕರೆಂಟು, ಕೂಲಿಯ ಪಾಲು ಮಾತ್ರ ಸೇರಿಸಿ. ರೋಲು, ಪ್ಲಾನ್‌ಸಿಫ್ಟರ್ (ಜರಡಿ ಯಂತ್ರ), ಕೊಳವೆಗಳ ಒಳಗೆ ಇರುವುದು ಅಳೆಯಲಾಗದ್ದು. ವರ್ಷಾಂತ್ಯಕ್ಕೆ ಮಿಲ್ಲನ್ನು ಪೂರ್ತಿ ಖಾಲಿ ಓಡಿಸಿಬಿಡಿ.

ಕೇಂದ್ರ ಸರಕಾರ 2023ರ ಜೂನ್ 12ರಂದು ಗೋಧಿಗೆ ದಾಸ್ತಾನು ಮಿತಿ ಹಾಕಿದ ಮೇಲೆ ಪೋರ್ಟಲ್‌ನಲ್ಲಿ ಸ್ಟಾಕ್ ಘೋಷಿಸುವ ಕೆಲಸವೂ ಮಿಲ್ಲುಗಳಿಗೆ ಬಂತು. ಮಿತಿಯ ಪ್ರಮಾಣ ಆದೇಶದಿಂದ ಆದೇಶಕ್ಕೆ ಬದಲಾಗಿದೆ. ಅಲ್ಲಿ ಹಾಕುವ ಅಂಕಿ, ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್, ಪುಸ್ತಕದ ಅಂಕಿ ಮೂರೂ ಒಂದೇ ಎಣಿಕೆ ಹಾಳೆಯಿಂದ ಬರಲಿ.

ಜನರ ಗೋಧಿ ತಂದು ಕೂಲಿಗೆ ಅರೆದುಕೊಡುವ ವ್ಯವಹಾರವೂ ಇದ್ದರೆ ಆ ಗೋಧಿ ನಿಮ್ಮ ಸ್ಟಾಕಲ್ಲ. ಪ್ರತ್ಯೇಕ ರಿಜಿಸ್ಟರ್.

ಬೆಲೆ ಇಳಿದಾಗ

ಸ್ಟಾಕನ್ನು ಖರ್ಚು ಅಥವಾ ನಿವ್ವಳ ಮಾರಾಟ ಮೌಲ್ಯ, ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಗೋಧಿಯ ವಿಷಯದಲ್ಲಿ ಅದು ಹೇಗೆ ಅನ್ವಯಿಸುತ್ತದೆ ಎಂಬುದು ಅಷ್ಟು ಗೊತ್ತಿಲ್ಲ. 2,788ರ ಗೋಧಿ ಮಾರುಕಟ್ಟೆಯಲ್ಲಿ 2,600ಕ್ಕೆ ಇಳಿದ ಮಾತ್ರಕ್ಕೆ ಸ್ಟಾಕ್ ಇಳಿಸಬೇಕಿಲ್ಲ. ಅದರಿಂದ ಬರುವ ಮೈದಾ, ರವೆ, ಬೂಸಾ ಒಟ್ಟಾಗಿ ಖರ್ಚಿಗಿಂತ ಹೆಚ್ಚು ತರುತ್ತವೆ ಎಂದಾದರೆ ಗೋಧಿ ಹಳೆಯ ಬೆಲೆಯಲ್ಲೇ ಇರುತ್ತದೆ. ಮಾಲೇ ಖರ್ಚಿಗಿಂತ ಕೆಳಗೆ ಹೋದಾಗ ಮಾತ್ರ ಇಳಿಸುವುದು. ಮಳೆಗೆ ನೆನೆದ ಲಾಟು, ಹುಳ ಬಿದ್ದ ಅಟ್ಟಿ, ರೋಲ್ ಹೊಂದಿಕೆ ತಪ್ಪಿ ಬೂಸಾಕ್ಕೆ ಹೋದ ಹಿಟ್ಟು, ಇವು ಅಸಹಜ ನಷ್ಟ. ಉಳಿದ ಮಾಲಿನ ಮೇಲೆ ಹೇರದೆ ನೇರ ನಷ್ಟಕ್ಕೆ ಬರೆಯಿರಿ.

ಕೊನೆಯದಾಗಿ, ಮೇಲೆ ಹಂಚಿ ಪಡೆದ 2,984, 3,218 ಎಂಬ ಅಂಕಿಗಳನ್ನು ‘ರವೆ ಹೆಚ್ಚು ತೆಗೆಯೋಣವೇ, ಮೈದಾ ಮಾಡೋಣವೇ’ ಎಂಬ ತೀರ್ಮಾನಕ್ಕೆ ಬಳಸಬೇಡಿ. ಆ ಅಂಕಿಗಳು ಮಾರಾಟ ದರದಿಂದಲೇ ಹುಟ್ಟಿದವು, ಎಲ್ಲದರಲ್ಲೂ ಒಂದೇ ಶೇಕಡಾ ಲಾಭ ತೋರಿಸುತ್ತವೆ. ಬದಲಿಗೆ ಹೀಗೆ ನೋಡಿ: ರವೆ ಶುದ್ಧ ಮಾಡುವ ಪ್ಯೂರಿಫೈಯರ್‌ನಿಂದ ಬಂದ ಒಂದು ಕ್ವಿಂಟಲ್ ರವೆಯನ್ನು ಹಿಟ್ಟು ಮಾಡುವ ರಿಡಕ್ಷನ್ ರೋಲಿಗೆ ಬಿಟ್ಟರೆ ನಿಮ್ಮ ಮಿಲ್ಲಿನಲ್ಲಿ 88 ಕಿಲೋ ಮೈದಾ, 12 ಕಿಲೋ ಬೂಸಾ ಸಿಗುತ್ತದೆ ಎನ್ನಿ. 2,816 + 270 = 3,086, ಅರೆದ ಖರ್ಚು 25 ಕಳೆದರೆ 3,061 ರೂ. ರವೆಯಾಗಿಯೇ ಮಾರಿದರೆ 3,450. ಕೊಳ್ಳುವವರಿರುವವರೆಗೆ ರವೆಯೇ ಲಾಭ. ಎಕ್ಸ್‌ಟ್ರಾಕ್ಷನ್ ಕುಸಿತವನ್ನೂ ಇದೇ ರೀತಿ ಅಳೆಯಿರಿ: ನೂರು ಟನ್‌ಗೆ 10 ಕ್ವಿಂಟಲ್ ಮೈದಾ ಬೂಸಾಕ್ಕೆ ಜಾರಿದರೆ 10 × (3,200 − 2,250), ದಿನಕ್ಕೆ 9,500 ರೂ. ದಿನಕ್ಕೆ ನೂರು ಟನ್ ಅರೆಯುವ ಮಿಲ್ಲು ತಿಂಗಳಿಗೆ 25 ದಿನ ಓಡಿದರೆ 2,37,500. ಬೂಸಾದ ಮುಷ್ಟಿಯಲ್ಲಿ ಬಿಳಿ ಹಿಟ್ಟು ಅಂಟುತ್ತಿದೆಯೇ ಎಂದು ಶಿಫ್ಟಿಗೆ ಎರಡು ಸಲ ನೋಡುವ ಹೆಡ್ ಮಿಲ್ಲರ್‌ನ ರಿಜಿಸ್ಟರ್, ಈ ಕಾರಣಕ್ಕೆ, ಅಕೌಂಟ್ಸ್ ಮೇಜಿಗೂ ಪ್ರತಿದಿನ ಬರಬೇಕು.